ಮಾವಿನ ಹೂವಿನ ಹೊಗೆ

ಮೊನ್ನೆ ಗವಿಪುರದಲ್ಲಿ ನಮ್ಮ ನಾದಿನಿಯ ಮಗಳ ಹೊಸ ಫ್ಲ್ಯಾಟಿನ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟ ಮುಗಿಸಿ, ಹರಟೆ ಹೊಡೆದು, ತಾಂಬೂಲದ ಚೀಲ ಹಿಡಿದು ಕೆಳಗಿಳಿಯುವಾಗ ಸಂಜೆಯಾಗಿತ್ತು. ಗೇಟಿನ ಹತ್ತಿರ ಒಂದು ವಾಸನೆ ಬಂತು. ಅದೇನೆಂದು ನೆನಪಾಗುವ ಮೊದಲೇ ನನ್ನ ಎದೆ ಬಿಗಿದುಕೊಂಡಿತು. ನೋಡಿದರೆ ವಾಚ್‌ಮನ್ ಹೆಂಡತಿ ಹಳೆಯ ಬಾಂಡಲಿಯಲ್ಲಿ ಕೆಂಡ ಹಾಕಿ, ಅದರ ಮೇಲೆ ಒಣಗಿದ ಮಾವಿನ ಹೂ ಉದುರಿಸುತ್ತಿದ್ದಳು. ಸೊಳ್ಳೆಗೆ, ಅಂದಳು. ಹೂ ಎಲ್ಲಿಂದ ತಂದೆ ಅಂತ ಕೇಳಿದೆ. ಕಾರು ನಿಲ್ಲಿಸುವ ಜಾಗದ ಹಿಂದೆ ಕಾಂಪೌಂಡಿಗೆ ಒತ್ತಿಕೊಂಡಿದ್ದ ಒಂದು ಮುದಿ ಮರವನ್ನು ತೋರಿಸಿದಳು. ನೀಲಂ ಮರ. ಅರ್ಧ ಕೊಂಬೆ ಕಡಿದಿದ್ದರೂ ಉಳಿದರ್ಧ ಹೂ ಬಿಟ್ಟು ನಿಂತಿತ್ತು.

ಆ ಮರದ ಪಕ್ಕದಲ್ಲೇ ಒಂದು ಕಾಲದಲ್ಲಿ ನಮ್ಮ ಮನೆ ಇತ್ತು. ಸೆರಗಿನಿಂದ ಮೂಗು ಮುಚ್ಚಿಕೊಂಡು ನಾನು ರಸ್ತೆಯ ಆಚೆ ಬದಿಗೆ ಹೋಗಿ ನಿಂತೆ. ಆಟೋ ಕರೆಯಲು ಹೋಗಿದ್ದ ಮಗ ಬಂದು, ಯಾಕಮ್ಮ ಹೀಗೆ ಸಪ್ಪಗಾದೆ ಅಂದ. ಒಂದು ಚಳಿಗಾಲದ ಕಥೆಯನ್ನು ಆಟೋದ ಸದ್ದಿನಲ್ಲಿ ಹೇಳಲಾಗುವುದಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಚಾಮರಾಜಪೇಟೆ ಮುಗಿದು ಗವಿಪುರ ಶುರುವಾಗುವ ಕಡೆ, ಕೆಂಪಾಂಬುಧಿ ಕೆರೆಗೆ ಹತ್ತಿರದಲ್ಲಿ ವೆಂಕೋಬರಾಯರ ಹಣ್ಣಿನ ತೋಟವಿತ್ತು. ಸುತ್ತಲೂ ಮನೆಗಳೆದ್ದು ತೋಟ ನಡುವೆ ಸಿಕ್ಕಿಹಾಕಿಕೊಂಡಿತ್ತು. ಮಾವು, ಸಪೋಟ, ಸೀಬೆ, ಒಂದು ಮೂಲೆಯಲ್ಲಿ ಮಾರಾಟಕ್ಕೆ ಕಸಿ ಗಿಡಗಳು. ರಾಯರು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿ ನಿವೃತ್ತರಾದವರು. ತೋಟ ಅವರಿಗೆ ಪಿತ್ರಾರ್ಜಿತ, ಹುಚ್ಚು ಮಾತ್ರ ಸ್ವಯಾರ್ಜಿತ. ಬಾದಾಮಿ ಮಾವಿಗೆ ರುಚಿಯಿದೆ, ಆದರೆ ಒಂದು ವರ್ಷ ಕಾಯಿ ಬಿಟ್ಟರೆ ಮರುವರ್ಷ ಕೈಕೊಡುತ್ತದೆ. ನೀಲಂ ರುಚಿಯಲ್ಲಿ ಸ್ವಲ್ಪ ಹಿಂದೆ, ಆದರೆ ವರ್ಷ ವರ್ಷವೂ ಬಿಡುತ್ತದೆ. ಎರಡನ್ನೂ ಕೂಡಿಸಿ, ಬಾದಾಮಿಯ ರುಚಿ ಮತ್ತು ನೀಲಂನ ನಿಯತ್ತು ಎರಡೂ ಇರುವ ಹೊಸ ಹಣ್ಣೊಂದನ್ನು ಸಾಯುವುದರೊಳಗೆ ತಿನ್ನಬೇಕು ಅನ್ನುವುದು ಅವರ ಆಸೆ.

ನಮ್ಮಪ್ಪ ಆ ತೋಟದಲ್ಲಿ ಕಸಿ ಕಟ್ಟುತ್ತಿದ್ದ. ತೋಟದೊಳಗೇ ಒಂದು ಕೋಣೆ, ಒಂದು ಅಡುಗೆಮನೆಯ ಹೆಂಚಿನ ಮನೆಯನ್ನು ರಾಯರು ಕೊಟ್ಟಿದ್ದರು. ಬಾಡಿಗೆ ಇಲ್ಲ. ಆದರೆ ಕೆಲಸ ಇರುವವರೆಗೆ ಮಾತ್ರ ಮನೆ. ನಮಗಿಂತ ಮೊದಲು ಅಲ್ಲಿದ್ದ ಚಿಕ್ಕಣ್ಣನಿಗೆ ಉಬ್ಬಸ ಹತ್ತಿ ಏಣಿ ಹತ್ತಲಾಗದೆ ಹೋದಾಗ ರಾಯರು ಬಹಳ ಮೃದುವಾಗಿ, "ಸ್ವಲ್ಪ ಗಾಳಿ ಬದಲಾಯಿಸ್ಕೋ ಚಿಕ್ಕಣ್ಣ" ಅಂದರಂತೆ. ಗಾಳಿ ಬದಲಾಯಿಸುವುದು ಅಂದರೆ ಮನೆ ಖಾಲಿ ಮಾಡುವುದು ಅಂತ ತೋಟದಲ್ಲಿ ಎಲ್ಲರಿಗೂ ಅರ್ಥವಾಗುತ್ತಿತ್ತು.

ಅಪ್ಪ ಕಾಮಾಲೆಯಾಗಿ ತೀರಿಕೊಂಡ. ರಾಯರೇ ಬಂದು ಬಾಗಿಲಲ್ಲಿ ನಿಂತು ಅಮ್ಮನಿಗೆ ಹೇಳಿದರು. "ಲಕ್ಷ್ಮಮ್ಮ, ನೀವೆಲ್ಲೂ ಹೋಗ್ಬೇಡಿ. ಸರೋಜ ಕೆಲಸಕ್ಕೆ ಬರ್ಲಿ. ಅವಳ ಬೆರಳು ಸಣ್ಣಗಿವೆ, ಹೂವಿನ ಕೆಲಸಕ್ಕೆ ಸರಿ." ಅಮ್ಮ ಅವರ ಕಾಲಿಗೆ ಬಿದ್ದಳು. ಬೇರೆ ದಾರಿ ಇರಲಿಲ್ಲ. ಮಾಮೂಲ್‌ಪೇಟೆಯಲ್ಲಿ ಗುಂಡಿ, ದಾರ, ಲೇಸು ಮಾರುವ ನನ್ನ ಸೋದರಮಾವ, ಅಪ್ಪನ ತಿಥಿಯ ಊಟಕ್ಕೆ ಕೂತವನು, "ನನ್ನ ಮನೇಲಿ ಜಾಗ ಇಲ್ಲ ಕಣಕ್ಕ, ಈಗ್ಲೇ ಹೇಳ್ಬಿಡ್ತೀನಿ" ಅಂದಿದ್ದ. ಅಮ್ಮ ಯಾರೂ ಕೇಳದಿದ್ದರೂ ಹೇಳಿದ್ದಳು, "ಸತ್ರೂ ಅವನ ಹೊಸ್ತಿಲು ತುಳಿಯಲ್ಲ." ನಾನು ಎಸ್ಸೆಸ್ಸೆಲ್ಸಿ ಪಾಸಾಗಿ ಟೈಪಿಂಗ್ ಕಲಿಯಬೇಕು ಅಂತಿದ್ದವಳು. ಆ ಧನುರ್ಮಾಸದಲ್ಲಿ ನೀಲಂ ಮರದ ಕೆಳಗೆ ಮರದ ಸ್ಟೂಲು ಹತ್ತಿ ನಿಂತೆ.

ಕೆಲಸಕ್ಕೆ ನಾವು ಹೂ ಮುಟ್ಟಿಸೋದು ಅನ್ನುತ್ತಿದ್ದೆವು. ಮಾವಿನ ಒಂದು ಗೊಂಚಲಿನಲ್ಲಿ ಲೆಕ್ಕವಿಲ್ಲದಷ್ಟು ಹೂ, ಹೆಚ್ಚಿನವು ಬರೀ ಗಂಡು. ಕಾಯಿ ಕಟ್ಟುವ ಹೂ ಕೆಲವೇ. ಮಂಜು ಆರುವ ಮೊದಲೇ ಅಂಥದ್ದನ್ನು ಹುಡುಕಿ, ಅದರದೇ ಪರಾಗದ ಪುಡಿ ಸಿಡಿಯುವುದರೊಳಗೆ ಸೂಜಿಯಿಂದ ಕೇಸರ ಕಿತ್ತು, ಬೇಡದ ಹೂಗಳನ್ನು ಕತ್ತರಿಸಿ, ಗೊಂಚಲಿಗೆ ತೆಳುಬಟ್ಟೆಯ ಚೀಲ ಕಟ್ಟಬೇಕು. ಬಿಸಿಲು ಏರಿದ ಮೇಲೆ ಬಾದಾಮಿ ಮರದಿಂದ ಆಗತಾನೆ ಪುಡಿ ಬಿಟ್ಟ ಹೂ ತಂದು, ಚೀಲ ಬಿಚ್ಚಿ, ಅದಕ್ಕೆ ಇದನ್ನು ಮುಟ್ಟಿಸಿ, ಮತ್ತೆ ಕಟ್ಟಿ, ಕೆಂಪು ದಾರ ಸುತ್ತಬೇಕು. ಹೂ ಸಾಸಿವೆಗಿಂತ ಸ್ವಲ್ಪ ದೊಡ್ಡದು ಅಷ್ಟೆ. ಕಣ್ಣಿಗೆ ಕಾಣಬೇಕಾದರೆ ಮುಖವನ್ನು ಗೊಂಚಲಿನೊಳಗೇ ತೂರಿಸಬೇಕು. ಬೆಳಗಿನಿಂದ ಮಧ್ಯಾಹ್ನದವರೆಗೆ ನಮ್ಮ ಮೂಗು ಇರುತ್ತಿದ್ದದ್ದು ಹೂವಿನಲ್ಲೇ.

ರಾಯರ ಒಂದೇ ಕಟ್ಟಪ್ಪಣೆ, ಹೂವಿನ ಹತ್ತಿರ ಸೀನಬಾರದು. ಚೀಲ ಬಿಚ್ಚಿದಾಗ ಸೀನಿದರೆ ಯಾವ ಹೂವಿನ ಪುಡಿ ಯಾವುದಕ್ಕೆ ಬಿತ್ತೋ ದೇವರಿಗೇ ಗೊತ್ತು. ಇದು ಅವರ ಸಸ್ಯಶಾಸ್ತ್ರ. ಇದರ ಜೊತೆ ಅವರ ಮನೆಯ ಶಾಸ್ತ್ರವೂ ಒಂದಿತ್ತು. ಒಂಟಿ ಸೀನು ಅಪಶಕುನ. ಅವರು ತೋಟಕ್ಕೆ ಹೊರಟಾಗ ಯಾರಾದರೂ ಒಂದು ಸಲ ಸೀನಿದರೆ ವಾಪಸ್ ಹೋಗಿ, ಕೂತು, ನೀರು ಕುಡಿದೇ ಬರುತ್ತಿದ್ದರು. ಎರಡು ಸೀನಾದರೆ ದೋಷವಿಲ್ಲ. ಹೀಗಾಗಿ ನಮ್ಮ ತೋಟದಲ್ಲಿ ಸೀನು ವಿಜ್ಞಾನಕ್ಕೂ ಆಗದು, ದೇವರಿಗೂ ಆಗದು.

ನನ್ನ ಜೊತೆ ಹೂ ಮುಟ್ಟಿಸುತ್ತಿದ್ದವಳು ಗೌರಕ್ಕ. ಮೊದಲು ಮಾರ್ಕೆಟ್ಟಿನಲ್ಲಿ ಹೂ ಕಟ್ಟುತ್ತಿದ್ದಳು. ಗಂಡ ಬಿಟ್ಟು ಹೋದ ಮೇಲೆ ರಾಯರ ತೋಟ ಸೇರಿ, ಕಸಿ ಗಿಡಗಳ ಪಕ್ಕದ ಶೆಡ್ಡಿನಲ್ಲಿ ಒಬ್ಬಳೇ ಇದ್ದಳು. ಬಾಯಿ ಜೋರು, ಕೈ ಹಗುರ. ಸೊಂಟದಲ್ಲಿ ಸದಾ ನಶ್ಯದ ಡಬ್ಬಿ. ಹೆಂಗಸು ನಶ್ಯ ಏರಿಸುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಗಂಟೆಗೊಮ್ಮೆ ಸ್ಟೂಲು ಇಳಿದು ಸೀಬೆ ಸಾಲಿನ ಕಡೆ ಹೋಗಿ ಭರ್ಜರಿಯಾಗಿ ಎರಡು ಸಲ ಸೀನಿ, ಕಣ್ಣೊರೆಸಿಕೊಂಡು ಬರುತ್ತಿದ್ದಳು. ರಾಯರು, "ಈ ನಶ್ಯದ ಚಟ ಬಿಡು ಗೌರಿ" ಅಂದರೆ, "ಗಂಡ ಬಿಟ್ಟ, ಇದೊಂದಾದ್ರೂ ಇರ್ಲಿ ಬಿಡಿ ಸ್ವಾಮಿ" ಅನ್ನುತ್ತಿದ್ದಳು. ರಾಯರು ನಗುತ್ತಿದ್ದರು.

ಸಂಕ್ರಾಂತಿ ಕಳೆದು ಮರಗಳೆಲ್ಲ ಹೂವಿನಲ್ಲಿ ಮುಳುಗಿದಾಗ ನನಗೆ ಶುರುವಾಯಿತು. ಮೊದಲು ಕಣ್ಣು ಕಡಿತ, ಮೂಗಿನಲ್ಲಿ ನೀರು. ಆಮೇಲೆ ಸೀನು. ಬಂದರೆ ನಿಲ್ಲುತ್ತಿರಲಿಲ್ಲ. ಹಲ್ಲು ಕಚ್ಚಿ ತಡೆದುಕೊಂಡರೆ ಕಿವಿ ಗುಂಯ್ ಅನ್ನುತ್ತಿತ್ತು. ಒಂದು ದಿನ ಸೀಬೆ ಸಾಲಿಗೆ ಓಡಿಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ಸೀನುತ್ತಿದ್ದಾಗ ಗೌರಕ್ಕ ಹಿಂದೆ ಬಂದು ನಿಂತಿದ್ದಳು. ಸೊಂಟದಿಂದ ಇನ್ನೊಂದು ಸಣ್ಣ ಡಬ್ಬಿ ತೆಗೆದು ನನ್ನ ಕೈಗಿಟ್ಟಳು.

"ಇಟ್ಕೋ. ಯಾರಾದ್ರೂ ಕೇಳಿದ್ರೆ ನಶ್ಯ ಅನ್ನು."

"ಅಯ್ಯೋ, ನಾನು ಮದ್ವೆ ಆಗ್ಬೇಕಾದ ಹುಡುಗಿ ಗೌರಕ್ಕ. ನಶ್ಯ ಅಂದ್ರೆ ಜನ ಏನಂತಾರೆ?"

"ಚಟ ಇರೋಳ್ನ ಬೈತಾರೆ. ಕಾಯಿಲೆ ಇರೋಳ್ನ ಮನೆ ಖಾಲಿ ಮಾಡಿಸ್ತಾರೆ. ಯಾವ್ದು ಬೇಕೋ ನೋಡ್ಕೋ."

ಆಗ ನನಗೆ ಹೊಳೆಯಿತು. ಅವಳ ಮುಖವನ್ನೇ ನೋಡಿದೆ. ಅವಳು ತನ್ನ ಡಬ್ಬಿಯ ಮುಚ್ಚಳ ತೆಗೆದು ತೋರಿಸಿದಳು. ನಶ್ಯ ತುಂಬಿದ್ದು ತುಂಬಿದ ಹಾಗೇ ಇತ್ತು, ಮೇಲಿನ ಪದರು ಗಟ್ಟಿಯಾಗಿತ್ತು. "ಈ ಹಾಳಾದ್ದನ್ನ ಯಾರು ಏರಿಸ್ತಾರೆ?" ಅಂದಳು. "ಇನ್ನೊಂದ್ ಮಾತು. ಒಂದೇ ಬಂದ್ರೆ ಎರಡನೇದನ್ನ ಸುಳ್ಳಾದ್ರೂ ಸೇರಿಸು. ಒಂಟಿ ಸೀನು ಅಂದ್ರೆ ರಾಯರು ಯಾರು ಅಂತ ಹುಡುಕ್ಕೊಂಡ್ ಬರ್ತಾರೆ." ಅಂದಿನಿಂದ ನಾನೂ ನಶ್ಯದವಳಾದೆ. ಸುಳ್ಳು ಸೀನು ಕಲಿಯುವುದಕ್ಕೆ ಒಂದು ವಾರ ಹಿಡಿಯಿತು. ಗೌರಕ್ಕ ಮೇಷ್ಟ್ರ ಹಾಗೆ ನಿಂತು, "ಗಂಟಲಿಂದ ಬೇಡ್ವೇ, ಹೊಟ್ಟೆಯಿಂದ ಬರ್ಲಿ" ಅಂತ ತಿದ್ದುತ್ತಿದ್ದಳು. ಆ ಚಳಿಗಾಲದಲ್ಲಿ ನಾನು ಮನಸಾರೆ ನಕ್ಕಿದ್ದು ಆ ವಾರ ಮಾತ್ರ.

ಸೀನು ಎದೆಗಿಳಿದಾಗ ನಗು ನಿಂತಿತು. ಸಂಜೆಯಾಗುತ್ತಲೂ ಎದೆಯೊಳಗೆ ಬೆಕ್ಕು ಗುರುಗುಟ್ಟಿದ ಸದ್ದು. ಮಲಗಿದರೆ ಉಸಿರು ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ಗೋಡೆಗೆ ಒರಗಿ ಕೂತೇ ನಿದ್ದೆ. ಅಮ್ಮ ನನ್ನ ಬೆನ್ನು ನೀವುತ್ತಾ, "ಚಿಕ್ಕಣ್ಣಂಗೂ ಹೀಗೇ ಆಗಿದ್ದು" ಅಂತ ಒಂದು ಸಲ ಅಂದವಳು ತಕ್ಷಣ ನಾಲಿಗೆ ಕಚ್ಚಿಕೊಂಡಳು.

ಚಾಮರಾಜಪೇಟೆಯ ಡಾಕ್ಟರೊಬ್ಬರ ಹತ್ತಿರ ಕರೆದುಕೊಂಡು ಹೋದಳು. ಒಳ್ಳೆಯ ಕೈಗುಣ ಅಂತ ಹೆಸರು. ಆದರೆ ರಾಯರೂ ಬಿ.ಪಿ. ತೋರಿಸುತ್ತಿದ್ದದ್ದು ಅವರಿಗೇ. ಅದು ಅಮ್ಮನ ತಲೆಯಲ್ಲಿತ್ತು. ಡಾಕ್ಟರು ನನ್ನ ಎದೆಗೆ ಸ್ಟೆತಸ್ಕೋಪ್ ಇಟ್ಟು, "ಏನ್ ಕೆಲಸ ಮಾಡ್ತೀಯಮ್ಮ?" ಅಂತ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ, "ಏನೂ ಇಲ್ಲ ಡಾಕ್ಟ್ರೇ, ಮನೇಲೇ ಇರ್ತಾಳೆ" ಅಂದಳು.

ಮನೆಯಲ್ಲೇ ಇರುವ ಹುಡುಗಿಗೆ ಹೀಗಾದರೆ ಪಾಪ ಡಾಕ್ಟರು ಏನು ತಿಳಿಯಬೇಕು? ಆಗ ಊರಿನಲ್ಲೆಲ್ಲ ಒಂದೇ ಮಾತು, ಪಾರ್ಥೇನಿಯಂ. ಖಾಲಿ ಸೈಟಿನಲ್ಲಿ, ಚರಂಡಿ ಪಕ್ಕದಲ್ಲಿ, ಎಲ್ಲಿ ನೋಡಿದರೂ ಆ ಬಿಳಿ ಹೂವಿನ ಗಿಡ. ಪೇಪರಿನಲ್ಲಿ ಅದೇ, ರೇಡಿಯೋದಲ್ಲಿ ಅದೇ, ಶಾಲೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಅದನ್ನೇ ಕೀಳಿಸುತ್ತಿದ್ದರು. "ನಿಮ್ಮನೆ ಸುತ್ತ ಇದ್ಯಾ?" ಅಂದರು ಡಾಕ್ಟರು. ಇತ್ತು, ಯಾರ ಮನೆಯ ಸುತ್ತ ಇರಲಿಲ್ಲ? "ಹಾಗಾದ್ರೆ ಅದೇ. ಕಿಟಕಿ ಮುಚ್ಚಿಡಿ. ಹೊರಗಿನ ಗಾಳಿ ತಗೋಬಾರ್ದು." ಮಾತ್ರೆ ಬರೆದುಕೊಟ್ಟರು. ಮಾತ್ರೆ ನುಂಗಿದರೆ ನಿದ್ದೆ ಬರುತ್ತಿತ್ತು, ಸ್ಟೂಲಿನ ಮೇಲೆ ನಿಂತೇ ತೂಕಡಿಸುತ್ತಿದ್ದೆ.

ಆದರೂ ಆ ದಿನ ವಾಪಸ್ ಬರುವಾಗ ಅಮ್ಮನ ನಡಿಗೆಯಲ್ಲಿ ಒಂದು ಹುರುಪಿತ್ತು. ಶತ್ರು ಯಾರು ಅಂತ ಗೊತ್ತಾಯಿತಲ್ಲ. ಕೀಳಬಹುದಾದ ಶತ್ರು. ಮರುದಿನದಿಂದ ಅಮ್ಮ ಸೀರೆ ಎತ್ತಿ ಕಟ್ಟಿ ಮನೆಯ ಸುತ್ತ, ಬೇಲಿಯ ಉದ್ದಕ್ಕೂ, ದಾರಿಯ ಎರಡೂ ಬದಿ ಪಾರ್ಥೇನಿಯಂ ಕಿತ್ತು ರಾಶಿ ಹಾಕಿದಳು. ಬರಿಗೈಯಲ್ಲಿ ಕಿತ್ತು ಅವಳ ಅಂಗೈ, ಮೊಣಕೈಗಳೆಲ್ಲ ದದ್ದರಿಸಿ ಕೆಂಪಾದವು. ಕೊಬ್ಬರಿ ಎಣ್ಣೆ ಸವರಿಕೊಂಡು ಮತ್ತೆ ಕೀಳಲು ಹೋದಳು. ಮನೆಗಿದ್ದ ಒಂದೇ ಕಿಟಕಿಯನ್ನು ಮುಚ್ಚಿ, ಸಂದಿಗೆಲ್ಲ ಹಳೆಯ ಪಂಚೆ ತುರುಕಿದಳು. ಬಾಗಿಲಿಗೆ ಗೋಣಿಚೀಲದ ಪರದೆ. ಹೆಂಚಿನ ಸಂದಿಗೂ ಬಟ್ಟೆ. ಹಗಲಿನಲ್ಲೂ ದೀಪ ಹಚ್ಚಬೇಕಾಗುವಷ್ಟು ಕತ್ತಲೆ.

ಕೆರೆಯ ಕಡೆಯಿಂದ ಸೊಳ್ಳೆ ಬರುತ್ತಿದ್ದವು. ಮುಚ್ಚಿದ ಮನೆಯಲ್ಲಿ ಅವು ಹೊರಗೂ ಹೋಗುತ್ತಿರಲಿಲ್ಲ. ತೋಟದ ಹೆಂಗಸರೆಲ್ಲ ಮಾಡುವ ಹಾಗೆ ನಾನೂ ಕೆಲಸ ಮುಗಿಸಿ ಬರುವಾಗ ಮರದಡಿ ಉದುರಿ ಒಣಗಿದ ಮಾವಿನ ಹೂವನ್ನು ಬುಟ್ಟಿಯಲ್ಲಿ ಗುಡಿಸಿ ತರುತ್ತಿದ್ದೆ. ಕಾಸಿಲ್ಲದ ಸೊಳ್ಳೆ ಔಷಧಿ. ಅಮ್ಮ ಅದಕ್ಕೆ ಚಿಟಿಕೆ ಸಾಂಬ್ರಾಣಿ ಸೇರಿಸಿ ಕೆಂಡದ ಮೇಲೆ ಹಾಕುತ್ತಿದ್ದಳು. ನನ್ನ ಎದೆ ಕಟ್ಟಿದಷ್ಟೂ ಹೆಚ್ಚು ಹಾಕುತ್ತಿದ್ದಳು. "ಹೊಗೆ ತಗೋ ಮಗಳೇ, ಶೀತ ಕರಗುತ್ತೆ" ಅಂತ ಬಾಂಡಲಿಯನ್ನು ನನ್ನ ಹತ್ತಿರಕ್ಕೇ ತಂದಿಟ್ಟು, ಮೇಲೊಂದು ಕಂಬಳಿ ಹೊದಿಸುತ್ತಿದ್ದಳು. ಅವಳಿಗೆ ನನ್ನ ಮೇಲಿದ್ದ ಪ್ರೀತಿ ಎಷ್ಟೆಂದು ಆ ಹೊಗೆಯ ದಟ್ಟಣೆಯಲ್ಲೇ ಗೊತ್ತಾಗುತ್ತಿತ್ತು.

ಶಿವರಾತ್ರಿಯ ದಿನ ತೋಟಕ್ಕೆ ರಜ. ಕೆಲಸವಿಲ್ಲ, ಹೂವಿಲ್ಲ, ದಿನವಿಡೀ ಮುಚ್ಚಿದ ಮನೆಯಲ್ಲೇ ಮಲಗಿದ್ದೆ. ವಿಶ್ರಾಂತಿಯಿಂದ ಗುಣವಾಗಬೇಕಿತ್ತು. ಅಮ್ಮ ಉಪವಾಸದಲ್ಲಿ ದೇವರಿಗೆ ಹರಕೆ ಹೊತ್ತುಕೊಂಡು, ನನಗಾಗಿ ಮಧ್ಯಾಹ್ನದಿಂದಲೇ ಹೊಗೆ ಹಾಕುತ್ತಿದ್ದಳು. ದೇವರ ಪಟಕ್ಕೂ ಒಂದು ಗೊಂಚಲು ಮಾವಿನ ಹೂ ಏರಿಸಿದ್ದಳು, ಶಿವನಿಗೆ ಪ್ರಿಯವೆಂದು. ಸಂಜೆಯ ಹೊತ್ತಿಗೆ ನನ್ನ ತುಟಿ ನೀಲಿಯಾಗಿತ್ತಂತೆ. ಮಾತು ಹೊರಡುತ್ತಿರಲಿಲ್ಲ. ಅಮ್ಮ ಓಡಿಹೋಗಿ ಗೌರಕ್ಕನನ್ನು ಕರೆತಂದಳು.

ಗೌರಕ್ಕ ಗೋಣಿಯ ಪರದೆ ಸರಿಸಿ ಒಳಗೆ ಕಾಲಿಟ್ಟಳು, ಅಷ್ಟೆ. ಸೀನು ಶುರುವಾಯಿತು. ಒಂದಲ್ಲ, ಎರಡಲ್ಲ. ಬಾಗಿಲ ಚೌಕಟ್ಟು ಹಿಡಿದು ಬಗ್ಗಿ ನಿಂತು ಸೀನಿದಳು. ಅವಳ ಕಣ್ಣಿಂದ ಧಾರೆಯಾಗಿ ನೀರು ಸುರಿಯಿತು.

"ಏನ್ ಸುಡ್ತಿದ್ದೀಯ ಲಕ್ಷ್ಮಮ್ಮ?"

"ಸೊಳ್ಳೆಗೆ. ಮಾವಿನ ಹೂ. ಇವ್ಳೇ ತರ್ತಾಳಲ್ಲ ದಿನಾ."

ಗೌರಕ್ಕ ಬಾಂಡಲಿ ನೋಡಿದಳು, ನನ್ನನ್ನು ನೋಡಿದಳು, ಪಟದ ಮೇಲಿನ ಗೊಂಚಲು ನೋಡಿದಳು. ಬಾಂಡಲಿಯನ್ನು ಸೆರಗಿನಲ್ಲಿ ಹಿಡಿದೆತ್ತಿ ಹೊರಗೆ ಎಸೆದಳು. ಕಿಟಕಿಯ ಪಂಚೆ ಕಿತ್ತಳು. ನನ್ನ ತೋಳು ಹಿಡಿದು ಎಬ್ಬಿಸಿ ಬೇಲಿಯಾಚೆ, ರಸ್ತೆಯಲ್ಲಿ, ಮೋರಿಯ ಕಟ್ಟೆಯ ಮೇಲೆ ಕೂರಿಸಿದಳು. ಮೋರಿಯ ನಾತದ ಗಾಳಿ ಎದೆಯೊಳಗೆ ಇಳಿಯಿತು. ಅಷ್ಟು ಒಳ್ಳೆಯ ಗಾಳಿಯನ್ನು ನಾನು ಅದುವರೆಗೆ ಕುಡಿದಿರಲಿಲ್ಲ. ನನ್ನ ಪಕ್ಕದಲ್ಲೇ, ಅಮ್ಮ ಕೀಳದೆ ಉಳಿದಿದ್ದ ಪಾರ್ಥೇನಿಯಂ ಗಿಡ ಎದೆಯೆತ್ತರ ಬೆಳೆದು ನಿಂತಿತ್ತು. ನನಗೇನೂ ಆಗಲಿಲ್ಲ.

ಅಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅವಳು ತನ್ನ ದದ್ದರಿಸಿದ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಆಮೇಲೆ ಆ ಕೈಗಳಿಂದಲೇ ಮುಖ ಮುಚ್ಚಿಕೊಂಡು ಅತ್ತಳು. ಗೌರಕ್ಕ ಅವಳ ಪಕ್ಕ ಕೂತು, "ಹೊರಗಿನ ಗಾಳಿ ಬೇಡ ಅಂತ ಕಿಟಕಿ ಮುಚ್ಚಿ, ತೋಟಾನೇ ಬುಟ್ಟೀಲಿ ಮನೆಗ್ ತಂದ್ರಲ್ಲ" ಅಂದಳು. ಬೈಗುಳದ ಹಾಗೆ ಇರಲಿಲ್ಲ.

ಇನ್ನೇನು, ಕಾಯಿಲೆಯ ಮೂಲ ಸಿಕ್ಕಿತು, ಕಷ್ಟ ಮುಗಿಯಿತು ಅಂತ ಕಥೆ ಕೇಳುವವರಿಗೆ ಅನ್ನಿಸಬಹುದು. ನಮಗೆ ಕಷ್ಟ ಶುರುವಾಗಿದ್ದೇ ಆಗ. ಪಾರ್ಥೇನಿಯಂ ಆಗಿದ್ದರೆ ಕೀಳಬಹುದಿತ್ತು. ಈಗ ನನ್ನ ಉಸಿರು ಕಟ್ಟುತ್ತಿದ್ದದ್ದು ನನ್ನ ಕೆಲಸವೇ, ಮತ್ತು ಆ ಕೆಲಸದ ಮೇಲೇ ನಮ್ಮ ಸೂರು ನಿಂತಿತ್ತು. ಅಮ್ಮ, "ನಾಳೆಯಿಂದ ಹೋಗ್ಬೇಡ" ಅಂದಳು. "ಹೋಗ್ದಿದ್ರೆ ಎಲ್ಲಿಗೆ ಹೋಗೋದು?" ಅಂದೆ. ಮಾಮೂಲ್‌ಪೇಟೆಯ ಹೆಸರು ಇಬ್ಬರ ಬಾಯಲ್ಲೂ ಬರಲಿಲ್ಲ.

ಮರುದಿನ ಅಮ್ಮನೇ ನನ್ನ ಬದಲಿಗೆ ಹೋದಳು. ಸ್ಟೂಲು ಹತ್ತಿದಳು. ನಾನು ದೂರದಲ್ಲಿ ನಿಂತು ನೋಡುತ್ತಿದ್ದೆ. ಪಾತ್ರೆ ಉಜ್ಜಿ, ಮಣ್ಣು ಅಗೆದು ದಪ್ಪವಾದ ಬೆರಳುಗಳು, ಅದರ ಮೇಲೆ ಬಾತ ದದ್ದು. ಸೂಜಿ ತಾಗಿಸಿದರೆ ಹೂವೇ ಉದುರುತ್ತಿತ್ತು. ಗೊಂಚಲನ್ನು ಕಣ್ಣಿಗೆ ಒತ್ತಿಕೊಳ್ಳುವಷ್ಟು ಹತ್ತಿರ ಹಿಡಿದರೂ ಅವಳಿಗೆ ಗಂಡು ಯಾವುದು, ಕಾಯಿ ಕಟ್ಟುವುದು ಯಾವುದು ಕಾಣಲಿಲ್ಲ. ರಾಯರು ಬಂದು ಸ್ವಲ್ಪ ಹೊತ್ತು ನೋಡಿ, "ಬೇಡಮ್ಮ, ನಿಮಗೆ ಕಣ್ಣು ಸಾಲ್ದು. ಸರೋಜಾಗೆ ಹುಷಾರಿಲ್ವಾ?" ಅಂದರು.

ಅಮ್ಮ ಸ್ಟೂಲಿನಿಂದ ಇಳಿಯುತ್ತಾ ಹೇಳಿದಳು, "ಹುಷಾರಾಗಿದ್ದಾಳೆ ಸ್ವಾಮಿ. ಇವತ್ತು ಹೊರಗಿದ್ದಾಳೆ, ಅದಕ್ಕೆ. ಮುಟ್ಟು ಕಳೆದ್ಮೇಲೆ ಬರ್ತಾಳೆ."

ಹೊರಗಾದವರು ಹೂ ಮುಟ್ಟಬಾರದು ಅನ್ನುವುದು ರಾಯರಿಗೆ ಒಪ್ಪಿಗೆಯಾಗುವ ಕಾರಣ. ಹಾಗೆ ನನಗೆ ಸಿಕ್ಕ ಮೂರು ದಿನ ಬೆಳಗಿನಿಂದ ಸಂಜೆಯವರೆಗೂ ಮೋರಿಯ ಕಟ್ಟೆಯ ಮೇಲೆ ಕೂತೆ. ದಾರಿಹೋಕರಿಗೆ ಹುಚ್ಚಿಯಂತೆ ಕಂಡಿರಬೇಕು. ನಾಲ್ಕನೆಯ ದಿನ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಮತ್ತೆ ಸ್ಟೂಲು ಹತ್ತಿದೆ. ಚಳಿಗೆ ಅಂತ ಹೇಳಿದೆ. ಮಾಘದ ಚಳಿ ಮುಗಿದು ಬಿಸಿಲು ಸುಡುತ್ತಿತ್ತು. ರಾಯರು ನನ್ನನ್ನು ದಿಟ್ಟಿಸಿ ನೋಡಿದರು. ಅವರಿಗೆ ಗೊತ್ತಾಗಿರಬೇಕು ಅಂತ ಈಗಲೂ ನನಗನ್ನಿಸುತ್ತದೆ. "ಹೂ ಮುಗಿಯೋವರ್ಗೂ ತಡ್ಕೋಮ್ಮ. ನಿನ್ನಷ್ಟು ಚೆನ್ನಾಗಿ ಯಾರೂ ಮುಟ್ಟಿಸಲ್ಲ" ಅಂದು, ಮನೆಯಿಂದ ನನಗಾಗಿ ಒಂದು ಸೀಸೆ ಜೇನುತುಪ್ಪ ಕಳಿಸಿದರು. ರಾಯರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಶಾಪ ಹಾಕಿಯಾದರೂ ಬಿಟ್ಟು ಹೋಗಬಹುದಿತ್ತು.

ಯುಗಾದಿಯ ಹೊತ್ತಿಗೆ ಹೂ ಮುಗಿದವು. ಉಸಿರು ತಾನಾಗಿ ಮರಳಿ ಬಂತು. ಬೇವು ಬೆಲ್ಲ ತಿನ್ನುವಾಗ ಅಮ್ಮ ನನ್ನ ಎದೆಗೆ ಕಿವಿಯಿಟ್ಟು ಕೇಳಿ, ಸದ್ದಿಲ್ಲ ಅಂತ ನಕ್ಕಳು. ನನಗೆ ನಗು ಬರಲಿಲ್ಲ. ಮೇಲೆ ನೋಡಿದರೆ ಕೊಂಬೆ ಕೊಂಬೆಯಲ್ಲೂ ನಾನು ಸುತ್ತಿದ ಕೆಂಪು ದಾರ. ಮುಂದಿನ ಧನುರ್ಮಾಸಕ್ಕೆ ಇದೇ ಕೊಂಬೆ ಮತ್ತೆ ಹೂ ಬಿಡುತ್ತದೆ, ಇದೇ ಸ್ಟೂಲು ನನಗಾಗಿ ಕಾದಿರುತ್ತದೆ. ನೀಲಂ ಮರದ ನಿಯತ್ತು ಅದು, ಒಂದು ವರ್ಷವೂ ತಪ್ಪಿಸುವುದಿಲ್ಲ. ಬೇಸಗೆಯಿಡೀ ನಾನು ಚೆನ್ನಾಗಿ ಉಸಿರಾಡುತ್ತಾ ಆ ಭಯದಲ್ಲೇ ಬದುಕಿದೆ. ಅಮ್ಮ ಮಾತ್ರ ಆಗಾಗ ಸೊಪ್ಪು ತರುವ ನೆಪ ಹೇಳಿ ಎಲ್ಲಿಗೋ ಹೋಗಿ, ಸೊಪ್ಪಿಲ್ಲದೆ, ಅತ್ತ ಕಣ್ಣಿನಲ್ಲಿ ಬರುತ್ತಿದ್ದಳು. ಕೇಳಿದರೆ ಬಿಸಿಲು ಅನ್ನುತ್ತಿದ್ದಳು.

ಆಷಾಢ ಹುಟ್ಟುವ ಹೊತ್ತಿಗೆ ನೀಲಂ ಹಣ್ಣಾಯಿತು. ಕೈಯಿಂದ ಮುಟ್ಟಿಸಿದ ಅಷ್ಟೂ ಹೂವಿನಲ್ಲಿ ಉಳಿದದ್ದು ಒಂದು ಬುಟ್ಟಿಯ ತಳ ಮುಚ್ಚುವಷ್ಟು ಹಣ್ಣು. ರಾಯರಿಗೆ ಬೇಕಾಗಿದ್ದದ್ದು ಹಣ್ಣಲ್ಲ, ಒಳಗಿನ ಓಟೆ. ಅದನ್ನು ನೆಟ್ಟು, ವರ್ಷಗಟ್ಟಲೆ ಕಾದರೆ ಹೊಸ ಮಾವು. ಅದಕ್ಕೆ ಅವರದೊಂದು ಪದ್ಧತಿ ಇತ್ತು. ಕೆಲಸದವರನ್ನೂ ಅವರ ಮನೆಯವರನ್ನೂ ಜಗಲಿಯಲ್ಲಿ ಸಾಲಾಗಿ ಕೂರಿಸಿ, ತಾವೇ ಹಣ್ಣು ಹಂಚಿ, ತಿನ್ನುವವರೆಗೆ ಎದುರಿಗೇ ನಿಂತು, ಆಮೇಲೆ ಒಂದು ಹಿತ್ತಾಳೆ ತಟ್ಟೆಯನ್ನು ಮುಂದೆ ಹಿಡಿಯುತ್ತಿದ್ದರು. ಚೀಪಿದ ಓಟೆಯನ್ನು ಅದರಲ್ಲಿ ಹಾಕಬೇಕು. ಒಂದೂ ಕಳೆದುಹೋಗುವ ಹಾಗಿಲ್ಲ.

ಹಣ್ಣು ಬಹಳ ಸಿಹಿಯಿತ್ತು. ಅದೇ ನನಗೆ ಕೋಪ ತರಿಸಿತು. ಗೌರಕ್ಕ ರಸ ಮೊಣಕೈಗೆ ಇಳಿಸಿಕೊಂಡು ಚೀಪುತ್ತಿದ್ದಳು. ತಟ್ಟೆ ನಮ್ಮ ಮುಂದೆ ಬಂತು. ನಾನು ಓಟೆ ಹಾಕಿದೆ. ಅಮ್ಮ ತನ್ನದನ್ನು ಹಾಕಿ, ಸೆರಗಿನ ಗಂಟು ಬಿಚ್ಚಿ, ನಮ್ಮ ಮನೆಯ ಬೀಗದ ಕೈಯನ್ನು ಅದರ ಪಕ್ಕದಲ್ಲಿ ಇಟ್ಟಳು.

ರಾಯರಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ. "ಇದ್ಯಾಕಮ್ಮ? ನಾನೇನಾದ್ರೂ ಅಂದ್ನಾ?"

"ನೀವೇನೂ ಅಂದಿಲ್ಲ ಸ್ವಾಮಿ," ಅಂದಳು ಅಮ್ಮ. "ಸ್ವಲ್ಪ ಗಾಳಿ ಬದಲಾಯಿಸ್ಕೋತೀವಿ."

ಅಷ್ಟು ದಿನ ಸೊಪ್ಪಿನ ನೆಪದಲ್ಲಿ ಅವಳು ಹೋಗಿ ಬರುತ್ತಿದ್ದದ್ದು ಮಾಮೂಲ್‌ಪೇಟೆಗೆ. ತಮ್ಮನ ಅಂಗಡಿಯ ಮುಂದೆ ನಿಲ್ಲುತ್ತಿದ್ದಳಂತೆ, ಅವನು ಗಿರಾಕಿಗಳ ಕಡೆ ತಿರುಗಿಕೊಳ್ಳುತ್ತಿದ್ದನಂತೆ. ಕೊನೆಗೆ ಅವನ ಹೊಸ್ತಿಲು ತುಳಿದಿದ್ದಳು, ಅವನ ಹೆಂಡತಿಯ ಪಾತ್ರೆ ಬಟ್ಟೆಯ ಕೆಲಸವನ್ನೆಲ್ಲ ತಾನು ಮಾಡುತ್ತೇನೆಂದು ಒಪ್ಪಿಕೊಂಡಿದ್ದಳು. ಬದಲಿಗೆ ಅಂಗಡಿಯ ಮೇಲಿನ ಅಟ್ಟ ನಮಗೆ. ಬಗ್ಗಿ ನಡೆಯಬೇಕಾದ, ಕಿಟಕಿಯೇ ಇಲ್ಲದ ಅಟ್ಟ. ಅಲ್ಲಿ ನಾವು ಬಹಳ ವರ್ಷ ಇದ್ದೆವು. ಗುಂಡಿ ಡಬ್ಬಗಳ ನಡುವೆ ಮಲಗಿ ನಾನು ಎಷ್ಟು ಸಲೀಸಾಗಿ ಉಸಿರಾಡಿದೆನೆಂದರೆ, ಅಮ್ಮ ಕೆಳಗೆ ಯಾರದೋ ಬಟ್ಟೆ ಒಗೆಯುವ ಸದ್ದು ಕೇಳಿದಾಗಲೆಲ್ಲ ಆ ಉಸಿರಿನ ಬೆಲೆ ಯಾರು ತೆರುತ್ತಿದ್ದಾರೆಂದು ನೆನಪಾಗಿ ನಾಚಿಕೆಯಾಗುತ್ತಿತ್ತು.

ನಾವು ಹೊರಟ ದಿನ ಮೋಡ ಮುಸುಕಿತ್ತು. ತಳ್ಳುಗಾಡಿಯಲ್ಲಿ ಟ್ರಂಕು, ಪಾತ್ರೆ, ಹಾಸಿಗೆ. ಪಕ್ಕದ ಬೀದಿಯ ಹೆಂಗಸರು, "ಆಷಾಢದಲ್ಲಿ ಯಾರಾದ್ರೂ ಮನೆ ಬದಲಾಯಿಸ್ತಾರಾ?" ಅಂದರು. ಅಮ್ಮ, "ಉಸಿರಿಗೆ ಆಷಾಢ ಶ್ರಾವಣ ಇಲ್ಲ ಕಣಮ್ಮ" ಅಂದಳು. ಅಂದಳೇ ಹೊರತು ಅವಳ ಮುಖದಲ್ಲಿ ಅಳುಕಿತ್ತು. ಎಷ್ಟಾದರೂ ಶಕುನ ನಂಬುವವಳು.

ಗೌರಕ್ಕ ಬೇಲಿಯವರೆಗೆ ಬಂದಳು. "ನೀನೂ ಬಂದ್ಬಿಡು ಗೌರಕ್ಕ" ಅಂದೆ. ಅವಳಿಗೆ ಮುನಿಸಿಕೊಳ್ಳಲಾದರೂ ಒಬ್ಬ ತಮ್ಮ ಇರಲಿಲ್ಲ. ನನ್ನ ಮುಂದೆ ಕೈ ಚಾಚಿದಳು.

"ಆ ಡಬ್ಬಿ ಕೊಡು ಇತ್ಲಾಗೆ."

ನಾನು ನಶ್ಯದ ಡಬ್ಬಿ ತೆಗೆದು ಕೊಟ್ಟೆ. ಅದನ್ನು ತನ್ನ ಡಬ್ಬಿಯ ಪಕ್ಕ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನಿಂಗಿನ್ನು ನೆಪ ಬೇಡ. ಮುಂದಿನ ಸಲ ಬರೋ ಹುಡುಗೀಗೆ ಬೇಕಾಗುತ್ತೆ."

ಗಾಡಿ ಹೊರಟಿತು. ಅಮ್ಮ ಬಲಗಾಲಿಟ್ಟು ಬೇಲಿ ದಾಟಿದಳು. ಅಷ್ಟರಲ್ಲಿ ಹಿಂದಿನಿಂದ ಒಂದು ಸೀನು ಕೇಳಿಸಿತು. ಮಳೆಗಾಲದ ಥಂಡಿಯೋ ಏನೋ, ಗೌರಕ್ಕನದೇ. ಒಂಟಿ ಸೀನು. ಅಮ್ಮ ಕಾಲು ಎತ್ತಿದವಳು ಹಾಗೇ ನಿಂತುಬಿಟ್ಟಳು. ವಾಪಸ್ ಹೋಗಿ ಕೂತು ನೀರು ಕುಡಿಯಲು ನಮಗೆ ಮನೆಯಿರಲಿಲ್ಲ, ಬೀಗದ ಕೈ ರಾಯರ ತಟ್ಟೆಯಲ್ಲಿತ್ತು.

ಆಗ ಎರಡನೆಯದು ಬಂತು. ದೊಡ್ಡದಾಗಿ, ಬೀದಿಗೆಲ್ಲ ಕೇಳುವ ಹಾಗೆ. ಅಮ್ಮ ನಿಟ್ಟುಸಿರು ಬಿಟ್ಟು, "ಸದ್ಯ, ಜೋಡಿ ಆಯ್ತು" ಅಂತ ಮುಂದೆ ನಡೆದಳು. ಅದು ಹೊಟ್ಟೆಯಿಂದ ಬಂದ ಸೀನು ಅಂತ ನಾನು ಅವಳಿಗೆ ಹೇಳಲಿಲ್ಲ.